ನೀರಿನ ಹಡಗು ಕೆರಗೋಡಿಗೆ ಬಂದ ಮುಂಗಾರು

ಹೋದ ವಾರ ಮದ್ದೂರಿನಲ್ಲಿ ನೆಂಟರೊಬ್ಬರ ಮನೆಗೆ ಹೋಗಿದ್ದೆ. ಜಗಲಿ ದಾಟುತ್ತಿದ್ದ ಹಾಗೇ ಬಿಸಿ ಮಾಡಿದ ಹಳ್ಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಆ ಮನೆಯ ಹಿರಿಯರಿಗೆ ಮಂಡಿನೋವು, ಸೊಸೆ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಳು, ಅಷ್ಟೇ. ಅವರು ಕೊಟ್ಟ ಕಾಫಿ ಕುಡಿದೆ, ವಡೆ ತಿಂದೆ, ಮಾತಿಗೆ ಮಾತು ಸೇರಿಸಿದೆ. ಮನಸ್ಸು ಮಾತ್ರ ಅಲ್ಲಿರಲಿಲ್ಲ. ಅದು ಕೆರಗೋಡಿಗೆ ಹೋಗಿ ನಮ್ಮ ದೊಡ್ಡವ್ವನ ಮಂಚದ ಪಕ್ಕ ಕೂತುಬಿಟ್ಟಿತ್ತು. ಕೆಲವು ವರ್ಷದ ಹಿಂದಿನ ಒಂದು ಮುಂಗಾರು ಪೂರ್ತಿ ನಮ್ಮ ಮನೆ ಹೀಗೇ ಹಳ್ಳೆಣ್ಣೆ ನಾರುತ್ತಿತ್ತು. ಆ ವಾಸನೆಯ ನಡುವೆ ಕೂತು ನಾನು ದಿನವೂ ಬೆಳಗ್ಗೆ ರಾಕೆಟ್ಟು, ಗ್ರಹ, ನಕ್ಷತ್ರ ಅಂತ ಬಾಯಿಗೆ ಬಂದದ್ದು ಹೇಳುತ್ತಿದ್ದೆ.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಪುಟ್ಟತಾಯಮ್ಮ. ತವರು ದುದ್ದದ ಕಡೆಯ ಒಂದು ಹಳ್ಳಿ. ಅವಳ ಅಪ್ಪ ಅಲ್ಲಿನ ಕೆರೆಗೆ ನೀರುಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಿಗಾ ಮಾಡಿ ಬಿಡುವ ಕೆಲಸ. ಆತ ಹೇಳಿದ ಕತೆಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ನಮ್ಮ ಮನೆಗೆ ಸೊಸೆಯಾಗಿ ಬಂದವಳು. ನಮ್ಮವ್ವ ಗದ್ದೆಗೆ ಹೋದರೆ ನಾನು ದೊಡ್ಡವ್ವನ ಮಡಿಲಿಗೆ. ಇಸ್ಕೂಲು ನನಗೆ ಅಕ್ಷರ ಕೊಟ್ಟಿತು, ಇಲ್ಲವೆನ್ನಲಾರೆ. ಮಾತು ಕೊಟ್ಟವಳು ಇವಳು. ಹಿಂದೆ ಊರಾಚೆ ಟೆಂಟ್ ಸಿನಿಮಾ ಬಂದಾಗ ಮನೆಯ ಹೆಂಗಸರಲ್ಲಿ ಒಬ್ಬರು ಹೋಗಿಬರಬಹುದಿತ್ತು, ಮಿಕ್ಕವರಿಗೆ ದನ, ಮಕ್ಕಳು, ಒಲೆ. ಹೋಗುತ್ತಿದ್ದವಳು ಯಾವಾಗಲೂ ದೊಡ್ಡವ್ವ. ಮಾರನೆಯ ಸಂಜೆ ಇಡೀ ಬೀದಿಯ ಹೆಂಗಸರು ನಮ್ಮ ಜಗಲಿಯಲ್ಲಿ ಸೇರುತ್ತಿದ್ದರು. ಅವಳು ಹೇಳಿದ ಸಿನಿಮಾ ನೋಡಿದ ಸಿನಿಮಾಕ್ಕಿಂತ ಚೆನ್ನಾಗಿರುತ್ತಿತ್ತು ಅಂತ ಎರಡನ್ನೂ ಕಂಡವರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಕತೆ ಕೇಳುವವರು ಹೂಂಗುಟ್ಟಲೇಬೇಕು ಅನ್ನುವುದು ಅವಳ ಕಾನೂನು. ಹೂಂ ನಿಂತರೆ ಕತೆಯೂ ನಿಂತಿತು. ರಾಜಕುಮಾರಿ ಬಾವಿಯೊಳಗೆ ಅರ್ಧಕ್ಕೆ ನೇತಾಡುತ್ತಿದ್ದರೂ ಸರಿಯೇ, ಮೇಲೆತ್ತುತ್ತಿರಲಿಲ್ಲ.

ಅಂಥವಳಿಗೆ ಲಕ್ವ ಹೊಡೆಯಿತು. ನಾಲೆಗೆ ನೀರು ಬಿಟ್ಟಾರು ಅಂತ ಎಲ್ಲರೂ ಒಟ್ಲು ಪಾತಿಗೆ, ಅಂದರೆ ಸಸಿಮಡಿಗೆ, ಭತ್ತ ನೆನೆಹಾಕುತ್ತಿದ್ದ ದಿನಗಳು. ಬೆಳಗ್ಗೆ ಎದ್ದವಳ ಬಲಗೈ ಏಳಲಿಲ್ಲ, ಬಾಯಿ ಒಂದು ಕಡೆಗೆ ವಾಲಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಟ್ಟರು. ಕಾಲು ಎಳೆದುಕೊಂಡಾದರೂ ನಡೆಯುವ ಹಾಗಾಯಿತು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದು ಅವಳಿಗೆ ತಿಳಿಯುತ್ತದೆ, ಅವಳಿಗೆ ಅನ್ನಿಸಿದ್ದು ನಾಲಿಗೆಗೆ ಬಾರದು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಇದ್ದರು, ಇನ್ನೂ ಚಿಕ್ಕ ವಯಸ್ಸು. ಮನೆಗೆ ಕಳಿಸುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಬರೋ ಮಾತು ಈ ಮೊದಲ ತಿಂಗಳುಗಳಲ್ಲೇ ಹೆಚ್ಚು ಬರೋದು. ಸುಮ್ಮನೆ ಮಲಗೋಕೆ ಬಿಡಬೇಡಿ. ನೀವು ಮಾತಾಡಿ, ಮಾತಾಡಿ ನಿಲ್ಲಿಸಿ, ಅವರಿಗೆ ಜಾಗ ಬಿಡಿ. ಅವರ ಪರವಾಗಿ ನೀವೇ ಹೇಳಿಬಿಡಬೇಡಿ."

ನನಗೆ ಒಳಗೊಳಗೇ ನಗು ಬಂತು. ಈಯಮ್ಮ ಹೇಳುತ್ತಿರುವುದು ಹೂಂಗುಟ್ಟಿಸುವ ವಿದ್ಯೆ. ಅದರಲ್ಲಿ ನಾವು ಪಳಗಿದ ಮನೆತನ.

ಆಗ ನನ್ನದು ಮಂಡ್ಯದಲ್ಲಿ ಕನ್ನಡಕದ ಅಂಗಡಿ, ಈಗಲೂ ಅದೇ. ದಿನಾ ಬೆಳಗ್ಗೆ ಬೈಕಿನಲ್ಲಿ ಕೆರಗೋಡಿಗೆ ಹೋಗಿ, ದೊಡ್ಡವ್ವನ ಹತ್ತಿರ ಕೂತು, ಅಂಗಡಿ ತೆಗೆಯುವ ಹೊತ್ತಿಗೆ ವಾಪಸು. ಸಂಜೆ ಹೋಗಿ ಪ್ರಯೋಜನವಿರಲಿಲ್ಲ. ಗುಳಿಗೆಯ ಮಂಪರಿಗೆ ಅವಳು ದೀಪ ಹಚ್ಚುವ ಮೊದಲೇ ಮಲಗಿಬಿಡುತ್ತಿದ್ದಳು. ಮೊದಮೊದಲು ಅವಳು ಹೇಳಿಕೊಟ್ಟ ಕತೆಗಳನ್ನೇ ಅವಳಿಗೆ ಹೇಳಿದೆ. ಅದು ತಪ್ಪಾಯಿತು. ನಾನು ಎಲ್ಲೋ ಒಂದು ಕಡೆ ಮುಗ್ಗರಿಸುತ್ತಿದ್ದೆ, ಅವಳಿಗೆ ಅದು ಗೊತ್ತಾಗುತ್ತಿತ್ತು, ತಿದ್ದಲು ಬಾಯಿ ತೆರೆದರೆ ಬರೀ ಗಾಳಿ. ಕಣ್ಣಲ್ಲಿ ನೀರು ತುಂಬಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು.

ನಮ್ಮ ನಂಜುಂಡಣ್ಣ, ಅಂದರೆ ದೊಡ್ಡವ್ವನ ಮಗ, ಅದನ್ನು ನೋಡಲಾರದೆ ಗದ್ದೆಯ ಕಡೆ ಹೋಗಿಬಿಡುತ್ತಿದ್ದ. ಅವನ ಹೆಂಡತಿ ಜಯಮ್ಮತ್ತಿಗೆ ಹಾಗಲ್ಲ. ಎಣ್ಣೆ ಬಟ್ಟಲು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ಒಂದು ದಿನ ನೇರವಾಗಿ ಅಂದಳು:

"ಅಲ್ಲ ಕಣಪ್ಪ ಸಿವು, ಅವರ ಕತೇನೇ ಅವರ್ಗೇಳಿ ಯಾಕಂಗೆ ಅಳುಸ್ತೀಯ? ನಿಂಗೆ ಬ್ಯಾರೆ ಕತೆ ಬರಾಕಿಲ್ವ?"

"ನಂಗೆ ಗೊತ್ತಿರೋದೆಲ್ಲ ರಾಕೆಟ್ ಸಿನಿಮಾ ಕಣತ್ತಿಗೆ."

"ಅದ್ನೇ ಏಳು. ಅವರ್ಗೆ ಗೊತ್ತಿಲ್ದೆ ಇರೋದಾದ್ರೆ ನೀನೆಲ್ಲಿ ತೆಪ್ಪಿದ್ರೂ ಗೊತ್ತಾಗಾಕಿಲ್ಲ, ಬುಡು."

ಈ ವಿಜ್ಞಾನದ ಸಿನಿಮಾಗಳ ಹುಚ್ಚು ನನಗೆ ಯಾವಾಗ ಅಂಟಿತೋ ಕಾಣೆ. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ನೋಡಿದ್ದೇ ನೋಡಿದ್ದು. ಕನ್ನಡಕ್ಕೆ ಡಬ್ ಆದದ್ದು ಸಿಕ್ಕರೆ ಸೈ, ಇಲ್ಲದಿದ್ದರೆ ತೆಲುಗು, ಅದೂ ಇಲ್ಲದಿದ್ದರೆ ಬಾಯಾಡುವುದನ್ನು ನೋಡಿಯೇ ಅರ್ಥ ಮಾಡಿಕೊಳ್ಳುವುದು. ಅಷ್ಟು ನೋಡಿದ ಮೇಲೆ ಒಂದಷ್ಟು ಅಭಿಪ್ರಾಯ ಬೆಳೆಯದೆ ಇರುತ್ತದೆಯೇ. ನನ್ನನ್ನು ಕೇಳಿದರೆ ಈ ಸಿನಿಮಾದವರಿಗೆ ಆಕಾಶ ಕಟ್ಟಲು ಬರುತ್ತದೆ, ಮನೆ ಕಟ್ಟಲು ಬಾರದು. ಗ್ರಹಗಳು ಕಣ್ಣು ಕುಕ್ಕುವ ಹಾಗಿರುತ್ತವೆ, ಅಲ್ಲಿರುವವರು ಬೆಳಗ್ಗೆ ಎದ್ದು ಏನು ತಿನ್ನುತ್ತಾರೆ, ಬಟ್ಟೆ ಎಲ್ಲಿ ಒಣಹಾಕುತ್ತಾರೆ ತಿಳಿಯುವುದಿಲ್ಲ. ಬೇರೆ ಲೋಕದವರು ಭೂಮಿಗೆ ಬಂದರೆ ದೊಡ್ಡ ಪಟ್ಟಣಕ್ಕೇ ಬರಬೇಕು. ಮಳವಳ್ಳಿಗೋ ಮದ್ದೂರಿಗೋ ಇಳಿದದ್ದು ಒಂದೂ ನಾನು ಕಾಣೆ. ಇಳಿದಿದ್ದರೆ ಯಾರಾದರೂ ಮೊದಲು ಊಟ ಆಯ್ತಾ ಅಂತ ಕೇಳಿ ಅರ್ಧ ಯುದ್ಧ ತಪ್ಪಿಸುತ್ತಿದ್ದರು. ಆದರೂ ನೋಡುತ್ತೇನೆ. ಕತ್ತಲಲ್ಲಿ ಒಂದು ಪುಟ್ಟ ಹಡಗು, ಅದರೊಳಗೊಂದು ಪುಟ್ಟ ದೀಪ ಕಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ತಿಂಗಳು ನೋಡಿದ್ದ ಒಂದು ಸಿನಿಮಾ ಮನಸ್ಸಿನಲ್ಲಿ ಹಸಿಯಾಗಿತ್ತು. ಅದನ್ನೇ ಹೇಳೋಣವೆಂದು ಕೂತೆ. "ಒಂದೂರಲ್ಲಿ" ಅಂದೆನೋ ಇಲ್ಲವೋ, ದೊಡ್ಡವ್ವ ಎಡಗೈ ಎತ್ತಿ ಅಲ್ಲಾಡಿಸಿದಳು. ಬೇಡ ಅನ್ನುವ ಹಾಗೆ. ಕಿಟಕಿಯ ಕಡೆ ಬೆರಳು ತೋರಿದಳು. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅತ್ತಿಗೆಗೆ ಥಟ್ಟನೆ ಹೊಳೆಯಿತು.

"ಅಗಲೊತ್ತು ಕತೆ ಏಳ್ಬಾರ್ದು ಅಂತವ್ರೆ. ದಾರಿಲಿ ಓಗೋರು ದಾರಿ ತಪ್ತಾರೆ ಅಂತ ಅವರೇ ಏಳ್ತಿರ್ನಿಲ್ವ?"

ಹೌದು. ಹಗಲು ಹೇಳಿದ ಕತೆ ದಾರಿಹೋಕರ ಕಾಲಿಗೆ ತೊಡರುತ್ತದೆ ಅನ್ನುವುದು ಅವಳ ನಂಬಿಕೆ. ಹಳೆಯ ಕತೆಗಳಿಗೆ ಅವಳು ಕೈ ಎತ್ತಿರಲಿಲ್ಲ. ಅಳುವಿನಲ್ಲಿ ಮರೆತಿದ್ದಳೋ ಏನೋ. ಈಗ ಹೊಸ ಕತೆ ಅನ್ನುವಾಗ ಕಾನೂನು ನೆನಪಾಗಿತ್ತು. ನನಗೆ ಅದೇ ಒಂದು ಭರವಸೆ ಅನ್ನಿಸಿತು. ಕಾನೂನು ನೆನಪಿರುವವಳು ಇನ್ನೂ ಒಳಗೆ ಕೂತಿದ್ದಾಳೆ.

ನಾನು ಒಂದು ವಾದ ಹೂಡಿದೆ. "ನೋಡು ದೊಡ್ಡವ್ವ, ಈ ಕತೆ ನಡೆಯೋ ಜಾಗದಲ್ಲಿ ಹಗಲೇ ಇಲ್ಲ. ಆಕಾಶ ದಾಟಿ ಹೋದ್ರೆ ಬರೀ ಕತ್ತಲು. ಅಲ್ಲಿ ಯಾವಾಗ್ಲೂ ರಾತ್ರಿನೇ. ರಾತ್ರಿ ಕತೆನ ಯಾವಾಗ ಹೇಳಿದ್ರೇನು?"

ಅವಳು ಯೋಚಿಸಿದಳು. ಅತ್ತಿಗೆ ಸುಮ್ಮನೆ ಹೋಗಿ ಕಿಟಕಿ ಮುಚ್ಚಿ, ದೇವರ ಗೂಡಿನಿಂದ ದೀಪ ತಂದು ಮಂಚದ ಪಕ್ಕದ ಗೂಡಿನಲ್ಲಿಟ್ಟಳು. "ತಗಳಿ, ರಾತ್ರಿ ಆಯ್ತು. ಈಗೇಳು." ದೊಡ್ಡವ್ವನ ಬಾಯಿಯ ನೆಟ್ಟಗಿದ್ದ ಕಡೆ ಒಂದು ನಗು ಬಂದು ಕೂತಿತು. ಆಸ್ಪತ್ರೆಯಿಂದ ಬಂದ ಮೇಲೆ ನಾವು ಕಂಡ ಮೊದಲ ನಗು.

ಕತೆ ಇಷ್ಟು. ನೀರೇ ಇಲ್ಲದ ಒಂದು ಒಣ ಗ್ರಹ, ಅಲ್ಲಿ ಹೋಗಿ ನೆಲೆನಿಂತ ಒಂದಷ್ಟು ಸಂಸಾರ. ಅವರಿಗೆ ನೀರು ಬಲು ದೂರದಿಂದ ಬರಬೇಕು. ಸೂರ್ಯನ ಬಿಸಿ ತಾಕದ ಕಡೆ ತೇಲುವ ಬೆಟ್ಟದಂಥ ಹಿಮದ ಗಡ್ಡೆಯನ್ನು ಹಡಗಿಗೆ ಕಟ್ಟಿ ಎಳೆದು ತರಬೇಕು. ವರ್ಷಗಟ್ಟಲೆ ಪಯಣ. ಹಡಗಿನವರೆಲ್ಲ ಗಾಜಿನ ಪೆಟ್ಟಿಗೆಗಳಲ್ಲಿ ಮದ್ದಿನ ನಿದ್ದೆಯಲ್ಲಿದ್ದಾರೆ, ಕಾವಲಿಗೆ ಒಬ್ಬಳು ಹೆಂಗಸು ಮಾತ್ರ ಎಚ್ಚರ. ನಡುದಾರಿಯಲ್ಲಿ ಯಂತ್ರ ಕಾದುಹೋಗುತ್ತದೆ. ಅದು ಆರದಿದ್ದರೆ ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ. ಆರಿಸಬೇಕಾದರೆ ಹಿಮ ಕರಗಿಸಿ ಸುರಿಯಬೇಕು. ಸುರಿದರೆ ದಾರಿ ಕಾಯುತ್ತಿರುವ ಊರಿಗೆ ಅರ್ಧ ನೀರಷ್ಟೇ ಮಿಗುತ್ತದೆ.

ಇದನ್ನು ಹೇಳಲು ನಮ್ಮ ಮಾತು ಸಾಲದೆ ಬರುತ್ತದೇನೋ ಅಂದುಕೊಂಡಿದ್ದೆ. ಸುಳ್ಳಾಯಿತು. ಹಿಮಕ್ಕೆ ಆಲಿಕಲ್ಲು ಅಂದೆ, ಬೆಟ್ಟದಷ್ಟು ಆಲಿಕಲ್ಲು. ನಿದ್ದೆಯ ಪೆಟ್ಟಿಗೆಗೆ ತೊಟ್ಟಿಲು ಅಂದೆ. ಸಿನಿಮಾದಲ್ಲಿ ಮೈ ನಡುಗಿಸುವ ಸದ್ದುಗಳಿದ್ದವು, ಅವನ್ನೆಲ್ಲ ಬಿಟ್ಟೆ. ಬಿಟ್ಟ ಮೇಲೆ ಗೊತ್ತಾಯಿತು, ಹೇಳಿದ ಸಿನಿಮಾ ಯಾಕೆ ಚೆನ್ನಾಗಿರುತ್ತದೆ ಅಂತ. ಆ ಸದ್ದಿನ ಜಾಗದಲ್ಲಿ ಕೇಳುವವರು ಕೂರಬಹುದು. ಪ್ರತಿ ಮಾತಿಗೂ ನಿಲ್ಲಿಸಿ ಕಾದೆ. ಎಷ್ಟೋ ಹೊತ್ತಿನ ಮೇಲೆ, ಬಾವಿಯ ತಳದಿಂದ ಬಂದ ಹಾಗೆ, "ಊಂ" ಅಂದಳು. ಅತ್ತಿಗೆ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು.

ಅತ್ತ ನಾಲೆಗೆ ನೀರು ಬಿಟ್ಟರು. ಕಟ್ಟು ನೀರು, ಅಂದರೆ ಒಂದಷ್ಟು ದಿನ ಬಿಡುವುದು, ಒಂದಷ್ಟು ದಿನ ನಿಲ್ಲಿಸುವುದು. ನಂಜುಂಡಣ್ಣ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಅಂದಂದಿನ ಕಂತು ಕೇಳತೊಡಗಿದ. ಅವನಿಗೆ ಎಲ್ಲದರಲ್ಲೂ ಅನುಮಾನ.

"ಅಲ್ಲ ಕಣ್ಲಾ, ಅಸ್ಟು ಜನ ಮಲ್ಗಿ ಒಬ್ಳೇ ಎದ್ದಿರೋದಂದ್ರೆ ಏನು ನ್ಯಾಯ? ಪಾಳಿ ಮೇಲೆ ಏಳ್ಬೇಕಪ್ಪ."

"ಸಿನಿಮಾದಲ್ಲಿ ಹಂಗೆ ತೋರ್ಸವ್ರೆ ಕಣಣ್ಣ, ನಾನೇನ್ ಮಾಡ್ಲಿ."

"ತೋರ್ಸೋರ್ಗೆ ಗೇಯ್ಮೆ ಗೊತ್ತಿಲ್ಲ, ಬುಡು."

ಹೀಗೆ ಒಂದು ವಾರ ಎಳೆದು ಕತೆ ಮುಗಿಸಿದೆ. ಸಿನಿಮಾ ಮುಗಿಯುವುದು ಇಂಥ ಸಿನಿಮಾಗಳು ಯಾವಾಗಲೂ ಮುಗಿಯುವ ಹಾಗೆ. ಮಲಗಿದ್ದವರಲ್ಲಿ ಒಬ್ಬ ಗಟ್ಟಿಮುಟ್ಟಾದ ಗಂಡಸು ತಾನಾಗಿ ಎಚ್ಚರಗೊಳ್ಳುತ್ತಾನೆ, ಹಡಗಿನ ಹೊರಗೆ ಹಗ್ಗ ಕಟ್ಟಿಕೊಂಡು ಇಳಿದು ಯಂತ್ರಕ್ಕೆ ಏನೋ ಮಾಡುತ್ತಾನೆ, ದೊಡ್ಡದೊಂದು ಬೆಂಕಿ, ಎಲ್ಲ ಸರಿಹೋಗುತ್ತದೆ. ಒಂದು ಹನಿ ನೀರೂ ಪೋಲಾಗದೆ ಊರು ಸೇರುತ್ತದೆ. ಜನ ಕೈ ಬೀಸುತ್ತಾರೆ. ದೊಡ್ಡವ್ವ ಕೊನೆಯ "ಊಂ" ಹಾಕಿ ಕಣ್ಣು ಮುಚ್ಚಿದಳು. ಅಷ್ಟೇ. ಊಂ ಬಿಟ್ಟು ಬೇರೆ ಮಾತು ಬರಲಿಲ್ಲ. ಇನ್ನೆರಡು ಸಿನಿಮಾ ಹೇಳಿದೆ. ಊಂ ಗಟ್ಟಿಯಾಯಿತು, ಮಾತಾಗಲಿಲ್ಲ. ಒಟ್ಲು ಹಸಿರಾಗುತ್ತಾ ಬಂತು. ಡಾಕ್ಟರಮ್ಮ ಹೇಳಿದ್ದ ಮೊದಲ ತಿಂಗಳುಗಳು ಜಾರುತ್ತಿವೆಯೆಂದು ನನಗೆ ಒಳಗೇ ದಿಗಿಲು.

ಆಗ ಬಂದವನು ಪುಟ್ಟಸ್ವಾಮಿ. ಬೆಳಕವಾಡಿಯವನು, ನನ್ನ ಓರಗೆಯವನು, ಮಂಡ್ಯದಲ್ಲಿ ನೌಕರಿ. ಪುಸ್ತಕದ ಹುಳು. ಓದಿ ಓದಿ ಗಾಜು ದಪ್ಪ ಮಾಡಿಕೊಳ್ಳುತ್ತಾ ನನಗೆ ವ್ಯಾಪಾರ ಕೊಡುವವನು. ಕನ್ನಡಕದ ಕಾಲು ಸರಿಮಾಡಿಸಲು ಬಂದಿದ್ದವನಿಗೆ ದೊಡ್ಡವ್ವನ ಸಂಗತಿ ಹೇಳಿ, ಈ ಸಿನಿಮಾದ ಕತೆಯನ್ನೂ ಹೇಳಿದೆ. ಅವನು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ.

"ಲೇ, ಅದು ಪುಸ್ತಕ ಕಣ್ಲಾ. ಪುಸ್ತಕದಿಂದ ಸಿನಿಮಾ ಮಾಡವ್ರೆ. ಕನ್ನಡಕ್ಕೂ ಬಂದೈತೆ. ಸಿನಿಮಾ ನೋಡ್ಬುಟ್ಟು ಕತೆ ಗೊತ್ತು ಅಂತ ತಿರುಗ್ತಿದ್ದೀಯಲ್ಲ, ಗಂಡು ನೋಡ್ದೆ ಮದ್ವೆ ಫೋಟೋ ನೋಡ್ದಂಗೆ."

"ಸಿನಿಮಾ ನೋಡಿ ಬರ್ದಿರೋ ಪುಸ್ತಕಗಳೂ ಇರ್ತವಲ್ಲೋ?"

"ಅವ್ನ ಪುಸ್ತಕ ಅನ್ಬೇಡ. ಆರಿದ ಸಾರಿಗೆ ಎರಡ್ನೇ ಒಗ್ಗರಣೆ."

ಆ ಮಾತನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಟೆಂಟಿನ ಸಿನಿಮಾ ನೋಡಿ ಬಂದು ಜಗಲಿಯಲ್ಲಿ ಹೇಳುತ್ತಿದ್ದ ದೊಡ್ಡವ್ವ ಮಾಡುತ್ತಿದ್ದದ್ದು ಅದನ್ನೇ ಅಲ್ಲವೇ. ಎರಡನೇ ಒಗ್ಗರಣೆ ಹಾಕುವ ಕೈ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಜಗಳ ಏನೇ ಇರಲಿ, ಪುಟ್ಟಸ್ವಾಮಿ ಮಾರನೆಯ ದಿನವೇ ಪುಸ್ತಕ ತಂದುಕೊಟ್ಟ. ಗಾಜು ಉಜ್ಜುವ ಮೆಶಿನ್ನಿನ ಪಕ್ಕ ಇಟ್ಟುಕೊಂಡು ಓದಿದೆ. ನಿಜ ಹೇಳುತ್ತೇನೆ, ಪುಸ್ತಕ ಗೆದ್ದಿತು. ಸಿನಿಮಾದ ಕತ್ತಲು ಅವರು ತೋರಿಸಿದ ಕತ್ತಲು. ಪುಸ್ತಕದ ಕತ್ತಲು ನಮ್ಮೂರಲ್ಲಿ ಕರೆಂಟು ಹೋದಾಗ ನಾನು ಕಂಡ ಕತ್ತಲು. ಆ ಹೆಂಗಸು ಹಿಮದ ಗಡ್ಡೆಯ ಜೊತೆ ಮಾತಾಡುವ ಪುಟಗಳಿದ್ದವು, ಅವು ಸಿನಿಮಾದಲ್ಲಿ ಒಂದೂ ಬಂದಿರಲಿಲ್ಲ. ಆದರೆ ಹಡಗಿನ ಆಕಾರ ನನಗೆ ಸಿನಿಮಾ ಕೊಟ್ಟದ್ದೇ. ಅದಿಲ್ಲದಿದ್ದರೆ ಪುಸ್ತಕದ ಮೊದಲ ಅಧ್ಯಾಯದಲ್ಲೇ ಮುಳುಗಿಹೋಗುತ್ತಿದ್ದೆ.

ಮುಖ್ಯ ಸಂಗತಿ ಕೊನೆಯದು. ಪುಸ್ತಕದಲ್ಲಿ ಯಾವ ಗಂಡಸೂ ಏಳುವುದಿಲ್ಲ. ಅವಳೇ ಹಿಮ ಕರಗಿಸಿ ಸುರಿಯುತ್ತಾಳೆ, ಮಲಗಿದವರನ್ನು ಉಳಿಸುತ್ತಾಳೆ. ಅರ್ಧ ನೀರಿನ ಜೊತೆ ಆ ಒಣ ಊರಿಗೆ ಬಂದು ಇಳಿಯುತ್ತಾಳೆ. ಹೊರಗೆ ಜನ ಕಾಯುತ್ತಿದ್ದಾರೆ. ಬಾಗಿಲ ಅಗುಳಿಯ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು.

ನನಗೆ ತಡೆಯಲಾಗಲಿಲ್ಲ. ಬೆಳಗ್ಗೆ ಹೋದವನೇ, ಅತ್ತಿಗೆ ದೀಪ ಇಡುವುದನ್ನೂ ಕಾಯದೆ, "ದೊಡ್ಡವ್ವ, ಆ ನೀರಿನ ಹಡಗಿನ ಕತೆ ಹಂಗಲ್ವಂತೆ, ಹಿಂಗಂತೆ" ಅಂತ ಪುಸ್ತಕದ ಕೊನೆಯನ್ನು ಹೇಳಿಬಿಟ್ಟೆ. ಮನೆಯ ಇನ್ನೊಂದು ಕಾನೂನು ನಾನು ಮರೆತೇಬಿಟ್ಟಿದ್ದೆ: ಒಂದು ಸಲ ಹೇಳಿದ ಕತೆಯನ್ನು ಬದಲಾಯಿಸುವ ಹಾಗಿಲ್ಲ. ಚಿಕ್ಕಂದಿನಲ್ಲಿ ನಾವು ಯಾರಾದರೂ ಹುಲಿಯನ್ನು ಕರಡಿ ಮಾಡಿದರೆ ಕಿವಿ ಹಿಂಡಿಸಿಕೊಳ್ಳುತ್ತಿದ್ದೆವು.

ದೊಡ್ಡವ್ವನ ಮುಖ ಕೆಂಪಗಾಯಿತು. ಎಡಗೈಯಿಂದ ಮಂಚದ ಪಟ್ಟಿ ಹಿಡಿದು ಎದ್ದು ಕೂತಳು. ತುಟಿ ಎರಡು ಸಲ ಕೂಡಿತು, ಬಿಟ್ಟಿತು. ನಾನು ಬಾಯಿ ಹಾಕಬಾರದೆಂದು ಹಲ್ಲು ಕಚ್ಚಿ ಕೂತೆ.

"ಸುಳ್ಳು," ಅಂದಳು.

ಎಣ್ಣೆ ಬಟ್ಟಲು ಹಿಡಿದಿದ್ದ ಅತ್ತಿಗೆಯ ಕೈಯಿಂದ ಎಣ್ಣೆ ಸೀರೆಯ ಮೇಲೆ ಸುರಿಯುತ್ತಿತ್ತು, ಅವಳಿಗೆ ಗೊತ್ತೇ ಇರಲಿಲ್ಲ.

"ನೀರು," ಅಂದಳು ದೊಡ್ಡವ್ವ. ಮತ್ತೆ ಹುಡುಕಿದಳು. "ಪೂರ್ತಿ... ಅಂದೆ. ಆವತ್ತು."

"ಹೌದು ದೊಡ್ಡವ್ವ, ಆವತ್ತು ಪೂರ್ತಿ ಬಂತು ಅಂದೆ. ಅದು ಸಿನಿಮಾ. ಇದು ಪುಸ್ತಕ. ಪುಸ್ತಕದಲ್ಲಿ ಅರ್ಧನೇ ಬರೋದು."

"ಯಾವ್ದು... ದಿಟ?"

ನಂಜುಂಡಣ್ಣ ಗುದ್ದಲಿ ಇಳಿಸಿ ಹೊಸ್ತಿಲ ಮೇಲೆ ಕೂತುಬಿಟ್ಟ. ಅವ್ವ ತಿರುಗಿ ಬೈಯುವ ಹಾಗಾದಳಲ್ಲ ಅಂತ ಆ ಗಡವ ಅತ್ತ.

ಆ ದಿನದಿಂದ ನಮ್ಮ ಬೆಳಗುಗಳು ಬೇರೆಯೇ ಆದವು. ನಾನು ಹೇಳುವುದು ಕಡಿಮೆಯಾಯಿತು, ಅವಳು ಕೇಳುವುದು ಹೆಚ್ಚಾಯಿತು. ಯಾವುದು ದಿಟ ಅನ್ನುವ ಪ್ರಶ್ನೆ ಬಿಡಲಿಲ್ಲ. ಎರಡೂ ದಿಟ ಅಂದರೆ ಒಪ್ಪಲಿಲ್ಲ. ಮಾತು ಒಂದೊಂದಾಗಿ ಬರುತ್ತಿತ್ತು, ಕೆಲವೊಮ್ಮೆ ದಾರಿ ತಪ್ಪಿ ಬರುತ್ತಿತ್ತು. ಹಡಗಿಗೆ ಒಂದು ದಿನ ಎಮ್ಮೆ ಅಂದಳು. ನನಗೂ ಅಣ್ಣನಿಗೂ ಕೂಡಿ ನಂಜ ಅಂತ ಒಂದೇ ಹೆಸರು. ಯಾರೂ ತಿದ್ದಲಿಲ್ಲ, ಕಾದೆವು. ಎಮ್ಮೆ ನಾಲ್ಕಾರು ದಿನದಲ್ಲಿ ತಾನೇ ಗಾಡಿಯಾಯಿತು, ಗಾಡಿ ಹಡಗಾಯಿತು. ಹೊರಗೆ ನಾಟಿ ನಡೆದಿತ್ತು. ಗದ್ದೆಬಯಲಲ್ಲಿ ಹೆಂಗಸರ ಸೊಂಟಗಳೆಲ್ಲ ಒಟ್ಟಿಗೆ ಬಾಗಿ ಏಳುತ್ತಿದ್ದವು, ಸೋನೆ ಹಿಡಿದರೆ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ಬಿಡುವು ಸಿಕ್ಕವರು ಬಂದು ನಮ್ಮ ಬಾಗಿಲಲ್ಲಿ ಕೂತು ಈ ತಕರಾರು ಕೇಳಿ ಹೋಗುತ್ತಿದ್ದರು.

ಪುಟ್ಟಸ್ವಾಮಿಯೂ ಒಂದು ಭಾನುವಾರ ಬಂದ, ಪುಸ್ತಕದ ಪರ ವಕಾಲತ್ತು ಹಾಕಲು. ಅವನ ಎದುರಿಗೆ ದೊಡ್ಡವ್ವ ತನ್ನ ಅಸಲು ತಕರಾರು ಹೊರಗೆ ಹಾಕಿದಳು. ಅದನ್ನು ಹೇಳಿ ಮುಗಿಸಲು ಅವಳಿಗೆ ಎರಡು ಲೋಟ ಕಾಫಿ ಆರುವಷ್ಟು ಹೊತ್ತು ಹಿಡಿಯಿತು.

"ಅವ್ಳು... ಕೇಳ್ನಿಲ್ಲ."

"ಯಾರ್ನ ಕೇಳ್ಬೇಕಿತ್ತು ದೊಡ್ಡಮ್ಮ?" ಅಂದ ಪುಟ್ಟಸ್ವಾಮಿ.

"ಊರ್ನ. ನೀರು ಊರ್ದು. ನಮ್ಮಪ್ಪ... ತೂಬು ಇಳ್ಸೋಕ್ ಮುಂಚೆ... ಕೊನೆ ಗದ್ದೆಯೋರ ಮನೆಗೆ ಓಗಿ... ಏಳೋನು. ಕಡ್ಮೆ ಆಯ್ತದೆ ಅಂತ. ಬೈಸ್ಕೊಳ್ಳೋನು. ಆಮ್ಯಾಕೆ ಇಳ್ಸೋನು."

"ಹಡಗಿನ ರೇಡಿಯೊ ಕೆಟ್ಟಿರ್ತದೆ ದೊಡ್ಡಮ್ಮ. ಪುಸ್ತಕದಲ್ಲಿ ಬರ್ದವ್ರೆ. ಹೇಳಿ ಕಳ್ಸೋಕೆ ಆಗಲ್ಲ."

ದೊಡ್ಡವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬೆಟ್ಟ ಎಳ್ದ್ಕೊಂಡ್ ಬರೋಕೆ ಬತ್ತದೆ. ರೇಡಿಯ... ರಿಪೇರಿಗೆ ಬರಾಕಿಲ್ವ?"

ಬಾಗಿಲಲ್ಲಿ ಕೂತಿದ್ದ ನಾಟಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಪುಟ್ಟಸ್ವಾಮಿ ಸೋಲೊಪ್ಪುವ ಆಸಾಮಿಯಲ್ಲ. ರೇಡಿಯೊ ಸರಿಯಾದರೆ ಅವಳು ಒಂಟಿ ಅನ್ನುವ ನೋವೇ ಹೋಗಿಬಿಡುತ್ತದೆ, ಕತೆ ನಿಂತಿರುವುದೇ ಆ ನೋವಿನ ಮೇಲೆ ಅಂತ ವಾದಿಸಿದ. ಅದರಲ್ಲೂ ಹುರುಳಿತ್ತು, ನನಗೆ ಇವತ್ತಿಗೂ ಅವನ ಮಾತು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ದೊಡ್ಡವ್ವ ಕೇಳಿಸಿಕೊಂಡಳು, ತಲೆಯಾಡಿಸಿದಳು, ಬಿಟ್ಟುಕೊಡಲಿಲ್ಲ. ಹೋಗುವಾಗ ಪುಟ್ಟಸ್ವಾಮಿ ನನ್ನ ಬೈಕಿನ ಹತ್ತಿರ ನಿಂತು ಮೆಲ್ಲಗೆ ಅಂದ: "ಬರ್ದೋರ ಎದುರಿಗೆ ಈಯಮ್ಮನ್ನ ಒಂದಿನ ಕೂರಿಸ್ಬೇಕಿತ್ತು ಕಣ್ಲಾ." ಪುಸ್ತಕದ ವಿಷಯದಲ್ಲಿ ಅವನ ಬಾಯಿಂದ ಇಂಥ ಮಾತು ಬಿದ್ದದ್ದನ್ನು ನಾನು ಮತ್ತೆ ಕೇಳಿಲ್ಲ.

ಗೌರಿ ಹಬ್ಬ ಕಳೆದು, ಭತ್ತ ಮೊಣಕಾಲು ದಾಟಿದ ಮೇಲೆ ಅವಳನ್ನು ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋದೆವು. ಅತ್ತಿಗೆ, ನಾನು, ನಡುವೆ ಹೊಸ ಸೀರೆಯುಟ್ಟ ದೊಡ್ಡವ್ವ. ಅದೇ ಡಾಕ್ಟರಮ್ಮ. ಮೇಜಿನ ಮೇಲೆ ಚಿತ್ರದ ಚೀಟಿಗಳನ್ನು ಹರಡಿದರು. ಮರ, ಹಸು, ಬೀಗ, ಕೊಡೆ. ದೊಡ್ಡವ್ವ ಒಂದೊಂದಾಗಿ ಹೇಳಿದಳು. ಬೀಗದ ಹತ್ತಿರ ತಡವರಿಸಿ, "ಬಾಗ್ಲದು" ಅಂದು, ಆಮೇಲೆ "ಬೀಗ" ಅಂದಳು. ಡಾಕ್ಟರಮ್ಮನಿಗೆ ಖುಷಿಯಾಯಿತು. "ತುಂಬಾ ಚೆನ್ನಾಗಿದೆ ಅಜ್ಜಿ. ಈಗ ನೀವಾಗಿ ನೀವೇ ಏನಾದ್ರೂ ಹೇಳಿ ನೋಡೋಣ. ಬೆಳಗ್ಗೆ ಎದ್ದು ಏನ್ ಮಾಡಿದ್ರಿ?"

ಬೆಳಗ್ಗೆ ಎದ್ದು ಮಾಡಿದ್ದರಲ್ಲಿ ದೊಡ್ಡವ್ವನಿಗೆ ಆಸಕ್ತಿಯಿರಲಿಲ್ಲ. ಸೆರಗು ಸರಿಮಾಡಿಕೊಂಡಳು. "ಒಂದು ಒಣಗಿದ ಊರು," ಅಂತ ಶುರುಮಾಡಿದಳು.

ನಾನು ಅತ್ತಿಗೆಯ ಮುಖ ನೋಡಿದೆ, ಅತ್ತಿಗೆ ನನ್ನ ಮುಖ. ದೊಡ್ಡವ್ವ ನಿಲ್ಲಲಿಲ್ಲ. ನಿಂತು ನಿಂತು ಹೇಳಿದಳು, ಆದರೆ ಬಿಡಲಿಲ್ಲ. ಬೆಟ್ಟದಷ್ಟು ಆಲಿಕಲ್ಲು ಬಂತು, ತೊಟ್ಟಿಲಲ್ಲಿ ಮಲಗಿದವರು ಬಂದರು, ಕಾದ ಯಂತ್ರ ಬಂತು. ಆ ಹೆಂಗಸು ರೇಡಿಯೊ ಬಿಚ್ಚಿ, ಊದಿ, ಸರಿಮಾಡಿ ಊರಿಗೆ ಮಾತಾಡಿದಳು. ಊರಿನವರು ಸೇರಿ ಒಂದಿಡೀ ದಿನ ಕಿತ್ತಾಡಿದರು. ಕಡೆಗೆ ಊರ ಕೊನೆಯ ಮನೆಯ ಮುದುಕಿ ಎದ್ದು, "ಮಲ್ಗಿರೋವೂ ನಮ್ಮ ಮಕ್ಳೇ ಕಣವ್ವ, ಸುರ್ದ್ಬುಡು" ಅಂದಳು. ಇದು ನನಗೂ ಹೊಸದು. ನಮಗ್ಯಾರಿಗೂ ಹೇಳಿರಲಿಲ್ಲ. ಹಡಗು ಬಂತು, ಬಾಗಿಲು ತೆರೆಯಿತು. ಕೈ ಬೀಸುವವರು ಯಾರೂ ಇಲ್ಲ. ಬಿಂದಿಗೆ ಹಿಡಿದು ಸಾಲಾಗಿ ನಿಂತಿದ್ದಾರೆ, ಕೊನೆಯ ಮನೆಯವರು ಮುಂದೆ. ಆ ಮುದುಕಿ ಬಿಂದಿಗೆ ಪಕ್ಕಕ್ಕಿಟ್ಟು ಮೊದಲು ಹಡಗಿನೊಳಗೆ ಹೋದಳು. ಕಾವಲಿದ್ದವಳನ್ನು ಹಿಡಿದು ಕೂರಿಸಿದಳು, ತುತ್ತು ಉಣಿಸಿದಳು. "ಎಸ್ಟು ವರ್ಸ ಆಯ್ತೋ ಮಲ್ಗಿ. ಮಲ್ಕೋ ಮಗ, ಇನ್ನು ನಾವು ಕಾಯ್ತೀವಿ ಅಂದ್ಲು. ಮಲಿಕ್ಕೊಂಡ್ಲು."

ಹೊರಗೆ ಕಾಯುತ್ತಿದ್ದವರು ಬಾಗಿಲು ಸರಿಸಿ ಇಣುಕುತ್ತಿದ್ದರು. ಡಾಕ್ಟರಮ್ಮ ಕೈಯಲ್ಲಿದ್ದ ಚೀಟಿಗಳನ್ನು ಮರೆತಿದ್ದರು. ಅವನ್ನು ಮೇಜಿನ ಮೇಲಿಟ್ಟು ಕೇಳಿದರು: "ಯಾವ ಸಿನಿಮಾ ಅಜ್ಜಿ ಇದು? ನಾನೂ ನೋಡ್ಬೇಕಲ್ಲ."

"ಸಿನಿಮಾದಾಗೆ ಇಂಗಿಲ್ಲ," ಅಂದಳು ದೊಡ್ಡವ್ವ. "ಅವ್ರು ಕೆಡಿಸವ್ರೆ."

"ಹಾಗಾದ್ರೆ ಪುಸ್ತಕಾನಾ?"

"ಅದ್ರಾಗೂ ಇಲ್ಲ. ಅರ್ಧಕ್ಕೆ ಬುಟ್ಟವ್ರೆ."

"ಮತ್ತೆ ಎಲ್ಲಿದೆ ಅಜ್ಜಿ?"

ದೊಡ್ಡವ್ವ ನನ್ನ ಹೆಗಲಿನ ಮೇಲೆ ಎಡಗೈ ಊರಿ ಎದ್ದು ನಿಂತಳು. "ನನ್ ತಾವ ಅದೆ," ಅಂದಳು. "ಬಿಡುವಾದಾಗ ಬಾರವ್ವ ಕೆರಗೋಡ್ಗೆ, ಏಳ್ತೀನಿ."